ಪಕ್ಕದ ಸೀಟಿನ ಬೆಲೆ

ಎರಡೂವರೆ. ಮತ್ತೊಮ್ಮೆ ಭಾಗಿಸಿದಳು. ಎರಡೂವರೆಯೇ.

ಬಿಸಿನೆಸ್ ಕ್ಲಾಸಿನ ಒಂದು ಟಿಕೆಟ್ಟಿಗೆ ಮೂರು ಲಕ್ಷ. ವಿಮಾನ ಹತ್ತಿದಷ್ಟೂ ಕಂಪನಿ ಖಾತೆಗೆ ಹಾಕುವ ಮೈಲ್ಸ್ ಕೊಟ್ಟು ಕೊಂಡರೆ ಒಂದು ಲಕ್ಷದ ಇಪ್ಪತ್ತು ಸಾವಿರ ಮೈಲ್ಸ್; ಒಂದೊಂದಕ್ಕೆ ಎರಡೂವರೆ ರೂಪಾಯಿ. ಅದೇ ಮೈಲ್ಸ್ ಕೊಟ್ಟು ವಿಮಾನ ಕಂಪನಿಯ ಪಟ್ಟಿಯಿಂದ ಸೂಟ್‌ಕೇಸ್ ತರಿಸಿಕೊಂಡರೆ ಒಂದೊಂದಕ್ಕೆ ಕಾಲು ರೂಪಾಯಿ ದಕ್ಕುವುದೂ ಕಷ್ಟ. ಆಫೀಸಿನ ಕಿಟಕಿಯ ಪಕ್ಕ ಕೂತು ಅವಳು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಳು.

ವಿಮಾ ಕಂಪನಿಯಲ್ಲಿ ಅವಳದು ಹಾಳಾದ ವಸ್ತುಗಳಿಗೆ ಬೆಲೆ ಕಟ್ಟುವ ಕೆಲಸ. ಸುಟ್ಟ ಗಿರಣಿ, ನೆನೆದ ಗೋದಾಮು, ಎಲ್ಲಿ ಏನು ಕೆಟ್ಟರೂ ವಿಮಾನ ಹತ್ತಬೇಕು. ಹನ್ನೊಂದು ವರ್ಷ ವಿಮಾನದ ಹಿಂದಿನ ಸಾಲುಗಳಲ್ಲಿ ಮೊಣಕಾಲು ಮಡಚಿ ಕೂತು ಗಳಿಸಿದ ಎರಡು ಲಕ್ಷದ ನಲವತ್ತು ಸಾವಿರ ಮೈಲ್ಸ್ ಇವತ್ತು ಸಂಜೆ ಐದಕ್ಕೆ ಗಡುವು ಮುಗಿದು ಸೊನ್ನೆಯಾಗುತ್ತಿದ್ದವು.

ಸರಿಯಾಗಿ ಇಬ್ಬರಿಗೆ ಸಾಕು. ಅವಳಿಗೆ, ಗಂಡನಿಗೆ. ಒಂದು ದ್ವೀಪ, ಹತ್ತು ದಿನ. ಮನೆಯಲ್ಲಿ ಇಬ್ಬರ ಮಾತು ಹಾಲು, ಬೀಗದಕೈ, ಚಾರ್ಜರ್ ದಾಟಿ ಎಷ್ಟೋ ಕಾಲವಾಗಿತ್ತು. ಹತ್ತು ಗಂಟೆ ಅಕ್ಕಪಕ್ಕ ಕಾಲು ಚಾಚಿ ಮಲಗಿದರೆ, ಮೋಡದ ಮೇಲೆ, ಎದ್ದು ಹೋಗಲು ಇನ್ನೊಂದು ಕೋಣೆಯೂ ಇಲ್ಲದ ಕಡೆ, ಮಾತು ಬರದೆ ಎಲ್ಲಿಗೆ ಹೋಗುತ್ತದೆ? ಇದು ಅವಳ ಲೆಕ್ಕ.

“ಟಿಕೆಟ್ ಬೆಲೆ ಭಾಗಿಸಿದ್ಯಾ?”

ಬೆನ್ನ ಹಿಂದಿನಿಂದ, ಆಫೀಸಿನವರೆಲ್ಲ ಮೈಲ್ಸ್ ಮಾಮ ಎನ್ನುವ ಸಹೋದ್ಯೋಗಿ ಇಣುಕಿದ. ನಿವೃತ್ತಿಗೆ ಎರಡೇ ತಿಂಗಳಿದ್ದ ಹಿರಿಯ. ಕೇಳಿದವರಿಗೂ ಕೇಳದವರಿಗೂ ಮೈಲ್ಸ್ ಉಪದೇಶ ಮಾಡುತ್ತಿದ್ದ.

“ಬೆಲೆ ಕಟ್ಟೋಳೇ ಹೀಗ್ಮಾಡಿದ್ರೆ ಹೇಗಮ್ಮ? ಅವರು ಮೂರು ಲಕ್ಷ ಅಂತ ಬರ್ಕೋತಾರೆ, ಅವರಿಗೇನು. ನೀನು ಜೇಬಿಂದ ಎಷ್ಟು ಕೊಡ್ತಿದ್ದೆ? ಅದನ್ನ ಭಾಗಿಸು. ಅದೇ ನಿಜವಾದ ಬೆಲೆ.”

“ನಾನು ಕೊಡ್ತಾನೇ ಇರ್ಲಿಲ್ಲ.”

“ಹಾಗಾದ್ರೆ ಸೊನ್ನೆ.”

“ಹೋಗಿ ಮಾಮ. ನಿಮ್ಮ ಹತ್ರ ಎಷ್ಟಿದೆ?”

“ಎಂಟು ಲಕ್ಷ.”

“ಯಾವಾಗ ಹೋಗ್ತೀರಿ?”

“ಎಲ್ಲಿಗೆ?” ಮಾಮ ನಿಜಕ್ಕೂ ಬೆರಗಾಗಿ ಕೇಳಿದ.

ಅವಳು ನಗುತ್ತ ಸೀಟು ಹುಡುಕಿದಳು. ನಗು ಅಲ್ಲಿಗೇ ನಿಂತಿತು. ಮೈಲ್ಸಿಗೆಂದು ಬಿಟ್ಟಿದ್ದು ಒಂದು ವಿಮಾನಕ್ಕೆ ಒಂದೇ ಸೀಟು. ಮಂಗಳವಾರ ಒಂದು, ಗುರುವಾರ ಒಂದು. ಆರು ತಿಂಗಳ ಹಿಂದೆ ಎರಡೆರಡಿದ್ದವು. ಆಗ ಮೈಲಿನ ಬೆಲೆ ಎರಡೇ ಇತ್ತು. ಎರಡೂವರೆಯಾಗಲಿ ಎಂದು ಕಾದವಳು ಅವಳೇ.

ಗಂಡ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿಗೆ ಫೋನು ಮಾಡಿದಳು.

“ರೀ, ಬಿಡುವಿದ್ಯಾ?”

“ಬಾಯಿ ಮುಚ್ಬೇಡಿ,” ಎಂದ ಗಂಡ. ಅದು ರೋಗಿಗೆ. “ಹೇಳೇ.”

“ಒಟ್ಟಿಗೆ ಸೀಟಿಲ್ಲ. ಮಂಗಳವಾರ ಒಬ್ರು, ಗುರುವಾರ ಒಬ್ರು ಹೋಗ್ಬೇಕು.”

“ಒಳ್ಳೇದೇ ಆಯ್ತಲ್ಲ! ನಾನು ಮೊದ್ಲು ಹೋಗಿ ರೂಮು ಗೀಮು ನೋಡಿರ್ತೀನಿ. ನೀನು ನಿಧಾನಕ್ಕೆ ಬಾ.”

“ಎಕಾನಮಿಲಾದ್ರೆ ಅಕ್ಕಪಕ್ಕ ಇದೆ. ಅರ್ಧ ಮೈಲ್ಸ್ ಸಾಕು.”

ಡ್ರಿಲ್ಲು ಸ್ವಲ್ಪ ಹೊತ್ತು ಕೊರೆಯಿತು.

“ಉಳಿದರ್ಧ ಸುಮ್ನೆ ಹಾಳಾಗುತ್ತಲ್ಲೇ. ಹತ್ತು ಗಂಟೆ ಕಾಲು ಮಡಚ್ಕೊಂಡು ಕೂರೋದು ಯಾಕೆ ಹೇಳು?”

“ಯಾಕೂ ಇಲ್ಲ.”

“ಉಗುಳಿ,” ಎಂದು ಗಂಡ ಫೋನಿಟ್ಟ.

ನೋವಾಗಬೇಕಿತ್ತು. ಅದಕ್ಕೆಂದೇ ಮೂರು ನಿಮಿಷ ಕಾದಳು. ಬರಲಿಲ್ಲ. ಬಿಗಿ ಚಪ್ಪಲಿ ಕಳಚಿದಷ್ಟು ಹಗುರವಾಗಿತ್ತು. ಹೆದರಿಕೆಯಾದದ್ದು ಆ ಹಗುರಕ್ಕೆ. ಪಕ್ಕದ ಸೀಟಿಗೆ ಜೇಬಿನಿಂದ ತಾನಾದರೂ ಎಷ್ಟು ಕೊಡುತ್ತಿದ್ದೆ? ಮಾಮ ಆಗಲೇ ಚಹಾಕ್ಕೆ ಹೋಗಿದ್ದ. ಕೇಳಲು ಯಾರೂ ಇರಲಿಲ್ಲ.

ಮಧ್ಯಾಹ್ನ ಊರಾಚೆಯ ಪೀಠೋಪಕರಣದ ಗೋದಾಮಿಗೆ ಹೋದಳು. ಪೈಪು ಒಡೆದು ನೀರು ನಿಂತಿತ್ತಂತೆ. ಮೇಜು, ಮಂಚ, ಕಪಾಟುಗಳನ್ನು ಬರೆದುಕೊಂಡು ಮೂಲೆಗೆ ಬರುವಾಗ ನಾಲ್ಕೂಮುಕ್ಕಾಲು. ಅಲ್ಲಿ ಹಿಂದಕ್ಕೆ ವಾಲುವ ಎರಡು ದೊಡ್ಡ ಕುರ್ಚಿಗಳು ಪ್ಲಾಸ್ಟಿಕ್ ಹೊದ್ದು ನಿಂತಿದ್ದವು.

“ಇದು ಜೋಡಿ ಮೇಡಂ,” ಎಂದ ಗೋದಾಮಿನ ಮೇಲ್ವಿಚಾರಕ. “ಒಂದು ಕೆಟ್ರೂ ಎರಡಕ್ಕೂ ದುಡ್ಡು ಕೊಡ್ಬೇಕಾಗುತ್ತೆ.”

“ಬಿಡಿಯಾಗಿ ಹೋಗಲ್ವಾ?”

“ಯಾರು ತಗೋತಾರೆ ಮೇಡಂ? ನೀವೇ ಕೂತು ನೋಡಿ.”

ಒಂದರ ಹೊದಿಕೆ ಸರಿಸಿ ಕೂತು ಪಕ್ಕದ ಹಿಡಿ ಎಳೆದಳು. ಬೆನ್ನು ಸರಾಗವಾಗಿ ಹಿಂದೆ ಹೋಯಿತು, ಕಾಲು ಮೇಲೆದ್ದವು. ಹಾಸಿಗೆಯಾಯಿತು. ಮತ್ತೆ ಎಳೆದಳು. ಹಿಡಿ ಅಲ್ಲಾಡಲಿಲ್ಲ.

“ತುಕ್ಕು ಹಿಡ್ದಿದೆ! ಹಾಗೇ ಇರಿ ಮೇಡಂ, ಎದ್ರೆ ಮಗುಚ್ಕೊಳ್ಳುತ್ತೆ. ಮೆಕ್ಯಾನಿಕ್ಕನ್ನ ಕರ್ಕೊಂಡು ಬರ್ತೀನಿ.” ಅವನ ಹೆಜ್ಜೆ ಸದ್ದು ದೂರವಾಯಿತು.

ಮಲಗಿದಲ್ಲೇ ಫೋನು ತೆಗೆದಳು. ಐದಕ್ಕೆ ಏಳು ನಿಮಿಷ. ಪರದೆಯ ಮೇಲೆ ಎರಡು ಗುಂಡಿಗಳು: ಬೇರೆ ಬೇರೆ ದಿನ, ಕಾಲು ಚಾಚಿ; ಒಂದೇ ದಿನ, ಕಾಲು ಮಡಚಿ. ಹೆಬ್ಬೆರಳು ಎರಡರ ನಡುವೆ ನಿಂತಿತು. ಐದಕ್ಕೆ ಐದು ನಿಮಿಷವಾದಾಗ ಪರದೆ ತಾನಾಗಿ ಕಪ್ಪಾಯಿತು. ಅವಳು ಎಬ್ಬಿಸಲಿಲ್ಲ.

ನೆಲ ಒಣಗಿಸಲು ಇಟ್ಟ ಫ್ಯಾನು ತಿರುಗುತ್ತಿತ್ತು. ಪಕ್ಕದ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಆ ಗಾಳಿಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು, ಒಳಗೆ ಯಾರೋ ನೆಮ್ಮದಿಯಾಗಿ ನಿದ್ದೆ ಹೋದಂತೆ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಇಪ್ಪತ್ನಾಲ್ಕು ವರ್ಷದ ದಾಂಪತ್ಯದ ಅಭ್ಯಾಸದಂತೆ, ಕುರ್ಚಿ ಮಗುಚದ ಹಾಗೆ ಜೋಪಾನವಾಗಿ, ಅದಕ್ಕೆ ಬೆನ್ನು ಮಾಡಿ ಮಲಗಿದಳು.