ವಾಪಸ್ ಮಾಡಬೇಕಾದ ಸ್ವೆಟರ್

"ಕಾರ್ಡ್ ಯಾರದು ಮೇಡಂ?"

ಕೌಂಟರಿನ ಹುಡುಗಿ ನಗುತ್ತಲೇ ಕೇಳಿದಳು. ನಗುವಿಗೆ ಐದಕ್ಕೆ ಐದು ಎಂದು ಇವಳು ಮನಸ್ಸಿನಲ್ಲೇ ಅಂಕ ಹಾಕಿದಳು. ಆಮೇಲೆ ಪ್ರಶ್ನೆ ತಲೆಗೆ ಹೋಯಿತು.

"ನಮ್ಮನೆಯವರದು."

"ಹಾಗಾದ್ರೆ ಸರ್ ಬರ್ಬೇಕಾಗುತ್ತೆ ಮೇಡಂ. ದುಡ್ಡು ವಾಪಸ್ ಅಂದ್ರೆ ಕಾರ್ಡ್ ಇರೋರೇ ಬಂದು ಸೈನ್ ಹಾಕ್ಬೇಕು. ದೊಡ್ಡ ಸೈಜ್ ತಗೋತೀರಾದ್ರೆ ಈಗ್ಲೇ ಕೊಟ್ಬಿಡ್ತೀನಿ. ಮಗೂನ ಕರ್ಕೊಂಡು ಬಂದಿದ್ರೆ ಹಾಕೇ ನೋಡ್ಬಹುದಿತ್ತು."

"ಅವನು ಮಲಗಿದಾನೆ. ಸಾಯಂಕಾಲ ಇವರನ್ನೇ ಕರ್ಕೊಂಡು ಬರ್ತೀನಿ," ಎಂದು ಇವಳು ಚೀಲ ಎತ್ತಿಕೊಂಡು ಹೊರಬಿದ್ದಳು.

ಚೀಲದಲ್ಲಿದ್ದದ್ದು ನೀಲಿ ಸ್ವೆಟರ್, ನಾಲ್ಕು ವರ್ಷದ ಹುಡುಗನಿಗೆ. ಇವಳಿಗೆ ನಾಲ್ಕು ವರ್ಷದ ಹುಡುಗನಿಲ್ಲ. ಯಾವ ವರ್ಷದ ಹುಡುಗನೂ ಇಲ್ಲ.

ಇವಳದು ವಿಚಿತ್ರ ಸಂಪಾದನೆ. ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತುವುದು, ಸರದಿಯ ಚೀಟಿ ಕೊಡುವುದು. ಮಧ್ಯಾಹ್ನದ ಮೇಲೆ ಅಂಗಡಿ ಅಂಗಡಿ ಸುತ್ತುವುದು. ಗಿರಾಕಿಯ ಹಾಗೆ ಹೋಗಬೇಕು, ಗಿರಾಕಿಯ ಹಾಗೆ ಬರಬೇಕು, ನಡುವೆ ಕಳ್ಳನ ಹಾಗೆ ಎಲ್ಲ ನೋಡಿಕೊಳ್ಳಬೇಕು. ಒಳಗೆ ಕಾಲಿಟ್ಟಾಗ ಯಾರಾದರೂ ಬನ್ನಿ ಅಂದರಾ, ಕನ್ನಡಿ ಮೇಲೆ ಧೂಳಿತ್ತಾ, ಬಿಲ್ ಮಾಡುವವನು ಮುಖಕ್ಕೇ ಆಕಳಿಸಿದನಾ, ಎಲ್ಲವನ್ನೂ ಫೋನಿನಲ್ಲಿ ತುಂಬಿ ಏಜೆನ್ಸಿಗೆ ಕಳಿಸಿದರೆ ಒಂದಿಷ್ಟು ದುಡ್ಡು. ಜೊತೆಗೆ ಕೂತಲ್ಲೇ ಉತ್ತರ ಕೊಡುವ ಸಮೀಕ್ಷೆಗಳು ಬೇರೆ: ಯಾವ ಸೋಪು ಹಚ್ಚುತ್ತೀರಿ, ಯಾಕೆ ಬಿಟ್ಟಿರಿ, ಬಿಟ್ಟಿದ್ದನ್ನು ಮತ್ತೆ ಯಾಕೆ ಹಿಡಿದಿರಿ. ಈ ಚಟ ಎಷ್ಟು ಮೈಗೆ ಹತ್ತಿತ್ತೆಂದರೆ ಮನೆಯಲ್ಲೂ ಸುಮ್ಮನಿರಲು ಆಗುತ್ತಿರಲಿಲ್ಲ. ಬಾಗಿಲು ತೆಗೆಯುವುದು ತಡವಾದರೆ ಗಂಡನಿಗೂ ಒಂದು ಅಂಕ ಕಟ್. "ಬಂದ್ರಪ್ಪಾ ಪತ್ತೇದಾರಮ್ಮ, ಎಲ್ರೂ ನೆಟ್ಟಗೆ ನಿಂತ್ಕೊಳ್ಳಿ," ಎಂದು ಅವನು ಕುರ್ಚಿ ಮೇಜುಗಳಿಗೆ ಹೇಳುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ತಮಾಷೆಗೆ ಕಮ್ಮಿಯಿಲ್ಲ, ಆದರೆ ಮನಸ್ಸಿನೊಳಗಿನ ಮಾತು ಬಾಯಿಗೆ ಬರುವುದು ಅಪರೂಪ.

ಇವಳ ಸುತ್ತಾಟವೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಹುಡುಗನ ವಿಷಯ ಮಾತ್ರ.

ಅದು ಶುರುವಾದದ್ದು ಸಮೀಕ್ಷೆಯಿಂದ. ಚೆನ್ನಾಗಿ ಕೊಡುವ ಸಮೀಕ್ಷೆಗಳೆಲ್ಲ ಬಾಗಿಲಲ್ಲೇ ತಡೆದು ಕೇಳುತ್ತಿದ್ದವು: ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ? ಇಲ್ಲ ಎಂದು ಒತ್ತಿದರೆ ಸಾಕು, 'ಧನ್ಯವಾದ, ನೀವು ಇದಕ್ಕೆ ಅರ್ಹರಲ್ಲ.' ಎಷ್ಟು ಸಲ ಅಂತ ಹಾಗೆ ಅನ್ನಿಸಿಕೊಳ್ಳುವುದು? ಒಂದು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದಾಗ, ರೋಸಿಹೋಗಿ, 'ಇದ್ದಾರೆ' ಎಂದು ಒತ್ತಿಯೇಬಿಟ್ಟಳು. ಗಂಡೋ ಹೆಣ್ಣೋ? ಗಂಡು. ಹುಟ್ಟಿದ ದಿನ? ಬೆರಳು ತಡವರಿಸಲೇ ಇಲ್ಲ. ಹೆರಿಗೆಗೆಂದು ಡಾಕ್ಟರು ಹೇಳಿದ್ದ ದಿನವನ್ನೇ ಹಾಕಿದಳು. ಆ ದಿನ ಬರುವ ಎಷ್ಟೋ ಮೊದಲು, ಐದನೇ ತಿಂಗಳಲ್ಲೇ, ಎಲ್ಲ ಮುಗಿದುಹೋಗಿತ್ತು. ಗಂಡು ಮಗುವಾಗಿತ್ತು ಎಂದು ನರ್ಸು ಹೇಳಿದಾಗ ಇಬ್ಬರೂ ಕೇಳಿಸಿಕೊಂಡಿದ್ದರು. ಅಲ್ಲಿಂದ ಮನೆಗೆ ಬಂದ ಮೇಲೆ ಅದರ ಬಗ್ಗೆ ಒಂದು ಮಾತಿಲ್ಲ. ಮಾತಾಡಬಾರದೆಂದು ಯಾರೇನೂ ಕಟ್ಟಪ್ಪಣೆ ಮಾಡಿರಲಿಲ್ಲ. ಅವನು ಎತ್ತಲಿಲ್ಲ, ಇವಳೂ ಎತ್ತಲಿಲ್ಲ, ಹಾಗೇ ವರ್ಷಗಳು ಹೋದವು.

ಇತ್ತ ಫೋನಿನೊಳಗೆ ಹುಡುಗ ಬೆಳೆದ. ಹಾಲು ಬಿಟ್ಟ, ನಡೆದ, ಬಿದ್ದ. ಖಾರದ ಟೂತ್‌ಪೇಸ್ಟ್ ಬೇಡವೇ ಬೇಡ ಎಂದು ಹಟ ಹಿಡಿದ. ಬಿಸ್ಕತ್ತಿನ ಸಮೀಕ್ಷೆಯಲ್ಲಿ ನಡುವಿನ ಕ್ರೀಮು ನೆಕ್ಕಿ ಉಳಿದದ್ದನ್ನು ಸೋಫಾ ಕೆಳಗೆ ಬಚ್ಚಿಟ್ಟ. ಯಾರೂ ಕೇಳದಿದ್ದರೂ 'ಇತರೆ' ಎಂಬ ಜಾಗದಲ್ಲಿ ಇವಳು ಅದನ್ನೂ ಬರೆದಳು. ಸುಳ್ಳು ಬರೆದು ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ತನಗೆ ಹೀಗೆ ಖುಷಿಯಾಗುತ್ತದಲ್ಲ ಎಂದೇ ಇವಳಿಗೆ ಭಯವಾಗುತ್ತಿತ್ತು.

'ಮಗುವಿರುವ ತಾಯಿ' ಎಂದು ಏಜೆನ್ಸಿಯ ಪಟ್ಟಿಯಲ್ಲಿ ಹೆಸರಿದ್ದದ್ದಕ್ಕೇ ಈ ಸ್ವೆಟರಿನ ಕೆಲಸ ಬಂದಿತ್ತು. ಮಕ್ಕಳ ಬಟ್ಟೆ ಅಂಗಡಿಯಲ್ಲಿ ಕೊಳ್ಳಬೇಕು, ವಾರದೊಳಗೆ ಚಿಕ್ಕದಾಯಿತೆಂದು ವಾಪಸ್ ಮಾಡಬೇಕು, ಮುಖ ಗಂಟಿಕ್ಕದೆ ದುಡ್ಡು ಕೊಡುತ್ತಾರಾ ನೋಡಬೇಕು. ಅವರು ದೊಡ್ಡ ಸೈಜ್ ತೋರಿಸಿಯೇ ತೋರಿಸುತ್ತಾರೆ. ಅದನ್ನು ತಗೊಂಡರೆ ಕೆಲಸ ಕೆಟ್ಟ ಹಾಗೆ. ಕೊಳ್ಳುವ ದಿನ ತನ್ನ ಕಾರ್ಡು ಕೈಕೊಟ್ಟಿದ್ದರಿಂದ ಗಂಡನದನ್ನು ಇಸಿದುಕೊಂಡಿದ್ದಳು. ಯಾತಕ್ಕೆ ಎಂದು ಅವನು ಕೇಳಿರಲಿಲ್ಲ. ಈಗ ಅದೇ ಕುತ್ತಿಗೆಗೆ ಬಂತು.

ಬಸ್ ನಿಲ್ದಾಣದಲ್ಲಿ ನಿಂತು ಏಜೆನ್ಸಿಯ ಮೇಲ್ವಿಚಾರಕಿಗೆ ಫೋನು ಹಚ್ಚಿದಳು. ಇವಳು ಅವಳಿಗೆ ಇಟ್ಟ ಹೆಸರು ಹೆಡ್‌ಮಿಸ್.

"ಇನ್ನೊಂದೆರಡು ದಿನ ಸಿಗುತ್ತಾ ಮೇಡಂ?"

"ಇವತ್ತೇ ಕಡೇ ದಿನ ಕಣ್ರೀ. ಹೋದ ಸಲಾನೂ ಒಂದು ಕೆಡಿಸಿದ್ರಿ. ಇದೂ ಕೆಟ್ರೆ ತಾಯಂದಿರ ಲಿಸ್ಟಿಂದ ನಿಮ್ಮನ್ನ ತೆಗೆದುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು ಮಹಾತಾಯಿ! ದುಡ್ಡು ಹೋದರೆ ಹಾಳಾಗಿ ಹೋಗಲಿ. ಆ ಪಟ್ಟಿಯಿಂದ ತೆಗೆದರೆ ಹುಡುಗನೂ ಹೋದ. ಆಮೇಲೆ ಅವನಿಗೆ ಶೀತವಾಯಿತಾ, ಹೊಸ ಹಲ್ಲು ಬಂತಾ ಎಂದು ಯಾರು ಕೇಳುತ್ತಾರೆ? ಅವನನ್ನು ಉಳಿಸಿಕೊಳ್ಳಬೇಕಾದರೆ ಗಂಡನಿಗೆ ಹೇಳಬೇಕು. ಹೇಳಿದರೆ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾನೆ. ಒಂದು ಬಸ್ಸು ಬಂತು, ಹೋಯಿತು. ಹತ್ತಬೇಕಾದದ್ದು ಅದೇ ಎಂದು ಹೋದ ಮೇಲೆ ಗೊತ್ತಾಯಿತು.

ಮನೆ ಸೇರಿದಾಗ ಗಂಡ ಕೆಲಸದಿಂದ ಬಂದು ಬಚ್ಚಲಲ್ಲಿ ಕೈಯ ಗ್ರೀಸು ಉಜ್ಜುತ್ತಿದ್ದ. ಮುಖ ನೋಡಿ ಹೇಳಲು ಧೈರ್ಯ ಸಾಲದೆ ಇವಳು ಬೆನ್ನಿಗೇ ಹೇಳಿದಳು.

"ರೀ, ಒಂದು ಅಂಗಡಿಗೆ ಬರ್ಬೇಕಿತ್ತು. ನಿಮ್ಮ ಸೈನ್ ಬೇಕಂತೆ."

"ಯಾವ ಅಂಗಡಿ?"

"ಮಕ್ಕಳ ಬಟ್ಟೆದು."

ಅವನ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ಆ ಸದ್ದಿನಲ್ಲಿ ಇವಳು ಎಲ್ಲವನ್ನೂ ಗಡಗಡ ಹೇಳಿ ಮುಗಿಸಿದಳು: ಸಮೀಕ್ಷೆ, ಹುಡುಗ, ಹುಟ್ಟಿದ ದಿನ, ಸ್ವೆಟರ್. "ಬರೀ ದುಡ್ಡಿಗೋಸ್ಕರ ಹಾಕಿದ್ದು ಕಣ್ರೀ. ತಲೆ ಕೆಟ್ಟಿದೆ ಅಂದ್ಕೋಬೇಡಿ," ಎಂದು ಸೇರಿಸಿದಳು. ಬರೀ ದುಡ್ಡಿಗಲ್ಲ ಎಂಬುದು ತನಗೇ ಗೊತ್ತಿತ್ತು.

ಅವನು ನಲ್ಲಿ ತಿರುಗಿಸಿದ. ಟವಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಎಷ್ಟೊತ್ತಿಗೆ ಮುಚ್ತಾರೆ?"

"ಇನ್ನೂ ಟೈಮಿದೆ."

"ಹೊರಡು ಹಾಗಾದ್ರೆ."

ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಇವಳು ಚೀಲದ ಹಿಡಿಯನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವನು ಕಿಟಕಿಯಾಚೆಗೆ ಕಣ್ಣು ನೆಟ್ಟು ಕೂತಿದ್ದ. ಸಿಟ್ಟೋ, ಅಸಹ್ಯವೋ, ಕನಿಕರವೋ? ಅಪರಿಚಿತ ಅಂಗಡಿಯವರ ಮುಖ ಓದಿ ಅಂಕ ಹಾಕುವವಳಿಗೆ ಕಟ್ಟಿಕೊಂಡವನ ಮುಖ ಓದಲು ಬರಲಿಲ್ಲ.

"ನೀವೇನೂ ಮಾತಾಡ್ಬೇಡಿ. ಚಿಕ್ಕದಾಯ್ತು, ದುಡ್ಡು ವಾಪಸ್ ಕೊಡಿ ಅಂತ ನಾನೇ ಹೇಳ್ತೀನಿ. ದೊಡ್ಡದು ತೋರ್ಸಿದ್ರೆ ಬೇಡ ಅನ್ನೋದು. ನೀವು ಸೈನ್ ಹಾಕಿ, ಅಷ್ಟೇ."

"ಹೂಂ."

ಅಂಗಡಿಯಲ್ಲಿ ಜನ ಕರಗಿದ್ದರು. ಕೌಂಟರಿನಲ್ಲಿ ಅದೇ ಹುಡುಗಿ, ಕೊರಳಲ್ಲಿ ಅಳತೆ ಟೇಪು, ಮುಖದಲ್ಲಿ ಅದೇ ನಗು. ದಿನವೆಲ್ಲ ನಿಂತ ಕಾಲು ನೋಯುತ್ತಿತ್ತೇನೋ, ಒಂದರಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು.

"ಅಯ್ಯೋ, ಸರ್‌ನ ಸುಮ್ನೆ ಓಡಾಡಿಸ್ದಂಗಾಯ್ತು," ಎನ್ನುತ್ತ ಸ್ವೆಟರನ್ನು ಕೌಂಟರಿನ ಮೇಲೆ ಹರವಿದಳು. "ಎಲ್ಲಿ ಚಿಕ್ಕದಾಯ್ತು? ಮೈಯಾ, ತೋಳಾ?"

"ಎಲ್ಲಾ ಕಡೆ," ಎಂದಳು ಇವಳು. "ನಮಗೆ ದುಡ್ಡೇ..."

"ತೋಳು," ಎಂದ ಗಂಡ.

ಇವಳು ತಿರುಗಿ ನೋಡಿದಳು. ಅವನು ಸ್ವೆಟರಿನ ತೋಳೊಂದನ್ನು ಎತ್ತಿ ಹಿಡಿದಿದ್ದ.

"ಮೈ ಏನೋ ಆಗುತ್ತೆ, ಸಣ್ಣಗಿದಾನೆ. ಕೈ ಮಾತ್ರ ಉದ್ದ ಅವನದು, ನನ್ ಥರ. ಮುಂಗೈ ಎಲ್ಲಾ ಹೊರಗೇ ಇರುತ್ತೆ."

ಇವಳು ಕೌಂಟರಿನ ಕೆಳಗೆ ಅವನ ಕಾಲು ತುಳಿದಳು. ಅವನು ಕಾಲು ಸರಿಸಿಕೊಂಡ, ಬಾಯಿ ನಿಲ್ಲಿಸಲಿಲ್ಲ.

"ಇನ್ನೊಂದು, ಈ ಕತ್ತಿನ ಪಟ್ಟಿ. ಚುಚ್ಚುತ್ತೆ ಅಂತಾನೆ. ಹಾಕಿದ್ದೇ ತಡ ಕಿತ್ತು ಬಿಸಾಕ್ತಾನೆ. ಬೈದ್ರೆ ಮಂಚದ ಕೆಳಗೆ ಹೋಗಿ ಕೂತ್ಕೋತಾನೆ, ಕರೆದ್ರೂ ಬರಲ್ಲ. ನಾನೇ ಬಗ್ಗಿ ಎಳ್ಕೋಬೇಕು."

"ನಮ್ಮಣ್ಣನ ಮಗಾನೂ ಹಾಗೇ ಸರ್," ಎಂದು ಹುಡುಗಿ ನಕ್ಕಳು. ಈ ನಗು ಕೌಂಟರಿನ ನಗುವಲ್ಲ.

ಗಂಡ ಹುಡುಕಿ ಹುಡುಕಿ ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರು ಎಲ್ಲಿ ತಡೆಯುತ್ತಾರೆ, ಎಲ್ಲಿ ಉಗುಳು ನುಂಗುತ್ತಾರೆ ಎಂದು ಇವಳಿಗೆ ಚೆನ್ನಾಗಿ ಗೊತ್ತು. ಇದು ಇವತ್ತು ಹುಟ್ಟಿದ ಮಾತಲ್ಲ. ಮಂಚದ ಕೆಳಗೆ ಕೂರುತ್ತಾನೆಂದು ಇವಳು ಯಾವ ಸಮೀಕ್ಷೆಯಲ್ಲೂ ಬರೆದಿರಲಿಲ್ಲ. ಇವಳಿಗೆ ಅಳು ಒತ್ತರಿಸಿ ಬಂತು, ಜೊತೆಗೆ ಎಲ್ಲಿಲ್ಲದ ಸಿಟ್ಟೂ ಬಂತು. ಇಷ್ಟು ವರ್ಷ ಹುಡುಗನನ್ನು ಇವನೂ ಒಬ್ಬನೇ ಇಟ್ಟುಕೊಂಡಿದ್ದನಲ್ಲ!

ಹುಡುಗಿ ಒಳಗಿನಿಂದ ಎರಡು ಸ್ವೆಟರ್ ತಂದಿಟ್ಟಳು, ಕತ್ತಿನ ಪಟ್ಟಿ ಇಲ್ಲದವು. "ಇದು ಐದಕ್ಕೆ, ಇದು ಆರಕ್ಕೆ. ಮೆತ್ತಗಿದೆ, ಚುಚ್ಚಲ್ಲ. ದುಡ್ಡೇ ಬೇಕು ಅಂದ್ರೆ ಅದೂ ಆಗುತ್ತೆ ಮೇಡಂ, ಸರ್ ಬಂದಿದಾರಲ್ಲ. ಹೇಗ್ಮಾಡ್ಲಿ?"

ದುಡ್ಡೇ ಕೊಡಿ ಎನ್ನಬೇಕಾದ ಜಾಗ ಇದೇ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದರೆ ಕೆಲಸ ಮುಗಿಯಿತು, ಪಟ್ಟಿಯಲ್ಲಿ ಹೆಸರು ಉಳಿಯಿತು. ಗಂಡ ಮೆತ್ತಗಿನ ಉಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಉಳಿದಿತ್ತು.

"ಯಾವ ಸೈಜ್ ಆಗುತ್ತೆ ಅವನಿಗೆ?" ಎಂದು ಇವಳು ಕೇಳಿದಳು.

"ಎತ್ತರ ಹೇಳಿ ಮೇಡಂ, ನೋಡೇಬಿಡೋಣ," ಎಂದು ಹುಡುಗಿ ಕೊರಳಿನ ಟೇಪು ತೆಗೆದು ಕೌಂಟರು ದಾಟಿ ಬಂದಳು. "ಸರ್, ಅಂದಾಜು ತೋರ್ಸಿ, ಎಷ್ಟಿದಾನೆ?"

ಗಂಡ ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಹಿಡಿದ, ತನ್ನ ಸೊಂಟದ ಹತ್ತಿರ. ಸ್ವಲ್ಪ ಇಳಿಸಿದ, ಮತ್ತೆ ಅಲ್ಲಿಗೇ ತಂದ. ಆ ಸಂಜೆ ಮೊದಲ ಸಲ ಹೆಂಡತಿಯ ಮುಖ ನೋಡಿದ.

"ಇಷ್ಟಿರ್ತಾನಲ್ವಾ?"

ಇವಳು ಅವನ ಮಣಿಕಟ್ಟು ಹಿಡಿದು ಒಂದಿಷ್ಟು ಮೇಲಕ್ಕೆತ್ತಿದಳು.

"ಇಷ್ಟು," ಎಂದಳು. "ಈಚೆಗೆ ಬೆಳೆದಿದಾನೆ."

ಹುಡುಗಿ ಮಂಡಿಯೂರಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ, ಅಲ್ಲಿಂದ ನೇರವಾಗಿ ಮೇಲಕ್ಕೆ, ಅವನ ಅಂಗೈಯವರೆಗೆ ಎಳೆದಳು. ಅಳತೆ ಓದಿ ಮುಗಿಸುವವರೆಗೂ ಇಬ್ಬರೂ ಕೈ ಅಲುಗಿಸದೆ ನಿಂತಿದ್ದರು.