ಆಮೆ ಕಟ್ಟಿಕೊಂಡವನು

ಬಾಡಿಗೆಗೆ ಸ್ಕೀ ಬೂಟು ಕೊಡುವ ಕೌಂಟರಿನ ಹಿಂದೆ ನಿಂತವರಿಗೆ ಮನುಷ್ಯರ ಮುಖಕ್ಕಿಂತ ಮೊದಲು ಕಾಲು ಕಣ್ಣಿಗೆ ಬೀಳುತ್ತದೆ. ಲಾನ್‌ಯಿಂಗ್ ಹಲವು ಚಳಿಗಾಲಗಳಿಂದ ಅಲ್ಲಿ ನಿಂತವಳು. ಯಾರ ಕಾಲು ಹೆದರಿದೆ, ಯಾರ ಕಾಲು ಹೆದರಿಕೆಯನ್ನು ಮುಚ್ಚಿಟ್ಟುಕೊಂಡಿದೆ ಎಂಬುದು ಬೂಟಿನ ಕೊಂಡಿ ಹಾಕುವಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಅವಳ ತಲೆಯ ಮೇಲಿನ ಸರಳಿನಲ್ಲಿ ಹಸಿರು ಮಖಮಲ್ಲಿನ ಆಮೆಗಳು ತೂಗುತ್ತಿದ್ದವು. ದೊಡ್ಡದನ್ನು ಕುಂಡೆಗೆ, ಚಿಕ್ಕವೆರಡನ್ನು ಮೊಣಕಾಲಿಗೆ ಕಟ್ಟಿಕೊಂಡರೆ ಹಿಮದ ಮೇಲೆ ಬಿದ್ದಾಗ ಪೆಟ್ಟು ಕಡಿಮೆ. ಶಾಂಘೈ, ಗ್ವಾಂಗ್‌ಡಾಂಗ್ ಕಡೆಯಿಂದ ಹಿಮ ನೋಡಲು ಬರುವವರು, ಗಂಡಸರೂ ಕೂಡ, ನಗುನಗುತ್ತ ಅವನ್ನು ಕಟ್ಟಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಲ್ಲೇ ಗುಡ್ಡದ ಬುಡದ ಬಾಯ್‌ಶೀ ಊರಿನ ಗಂಡಸರು ಮಾತ್ರ ಅವನ್ನು ಮುಟ್ಟುತ್ತಿರಲಿಲ್ಲ. ಅಲ್ಲಿ ಗಂಡಸನ್ನು ಆಮೆ ಎಂದರೆ ಅವನ ಹೆಂಡತಿ ಬೇರೆಯವನ ಪಾಲಾಗಿದ್ದಾಳೆ ಎಂದು ಆಡಿದ ಹಾಗೆ. ಆ ಒಂದು ಮಾತಿಗೆ ಹೆಂಡದ ಮೇಜಿನಲ್ಲಿ ಮೂಗು ಮುರಿಸಿಕೊಂಡವರು ಊರಲ್ಲಿದ್ದರು.

ಊರಿನವರಿಗೆ ಸ್ಕೀ ಬರುತ್ತಲೂ ಇರಲಿಲ್ಲ. ಅವರು ಮರ ಕಡಿಯುವವರು. ಕಾಡು ಕಡಿಯಬಾರದೆಂದು ಆಜ್ಞೆ ಬಂದ ಮೇಲೆ ಗರಗಸ ಕೆಳಗಿಟ್ಟು, ಅದೇ ಗುಡ್ಡದ ಮೇಲೆ ಎದ್ದ ಸ್ಕೀ ಮೈದಾನದಲ್ಲಿ ಸಿಕ್ಕ ಕೆಲಸ ಹಿಡಿದಿದ್ದರು. ಲಾನ್‌ಯಿಂಗಳ ಗಂಡ ಛಾಂಗ್‌ಲಿನ್‌ಗೆ ಕುರ್ಚಿ-ಲಿಫ್ಟಿನ ಮೇಲ್ತುದಿಯ ಗುಡಿಸಲಿನ ಕೆಲಸ. ಬೆಳಿಗ್ಗೆ ಖಾಲಿ ಕುರ್ಚಿಯಲ್ಲಿ ಕೂತು ಹತ್ತುವುದು, ಮೇಲೆ ಬಂದವರನ್ನು ಹುಷಾರಾಗಿ ಇಳಿಸುವುದು, ಊಟದ ಹೊತ್ತಿಗೆ ಕುರ್ಚಿಯಲ್ಲೇ ಕೆಳಗೆ ಬರುವುದು. ಊಟ ಮುಗಿಸಿದ ಮೇಲೆ ಕೆಲಸದವರೆಲ್ಲ ಇಳಿಜಾರಿನ ಬುಡದಲ್ಲಿ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತ ನಿಲ್ಲುತ್ತಿದ್ದರು. ನಿಲ್ಲಿಸಲು ಬಾರದೆ ನೆಟ್ಟಗೆ ಜನರ ಮೇಲೆ, ಇಲ್ಲವೇ ಅಂಚಿಗೆ ಕಟ್ಟಿದ ತಡೆಬಲೆಗೆ ನುಗ್ಗಿಬರುವ ಪ್ರವಾಸಿಗರಿಗೆ ಅವರಿಟ್ಟ ಹೆಸರು ಟಾರ್ಪಿಡೊ.

“ಬಂತು ನೋಡ್ರೋ, ಜಾಗ ಬಿಡಿ.”

“ಕೆಂಪು ಟೋಪೀದು. ಬಲೆಗೆ ಬೀಳುತ್ತೆ, ಬೇಕಾದ್ರೆ ಪಂದ್ಯ ಕಟ್ಟು.”

“ಅಯ್ಯೋ, ಸ್ವಂತ ಹೆಂಡ್ತೀನೇ ಉರುಳಿಸಿಕೊಂಡು ಹೋದ.”

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಛಾಂಗ್‌ಲಿನ್.

ಆ ವರ್ಷ ಹೊಸ ಮ್ಯಾನೇಜರ್ ಒಂದು ನಿಯಮ ತಂದ. ಗಾಳಿಗೆ ಲಿಫ್ಟ್ ನಿಂತುಹೋದರೆ ಮೇಲಿನವನು ತಾನೇ ಸ್ಕೀ ಹಾಕಿಕೊಂಡು ಕೆಳಗೆ ಬರುವಂತಿರಬೇಕು; ಬಾರದವನಿಗೆ ಮೇಲೆ ಕೆಲಸವಿಲ್ಲ. ಹೊಸವರ್ಷದ ವಸಂತ ಹಬ್ಬಕ್ಕೆ ಮುಂಚೆ ಪರೀಕ್ಷೆ. ಎಷ್ಟು ಸಲ ಬಿದ್ದರೂ ಅಡ್ಡಿಯಿಲ್ಲ, ಸ್ಕೀ ಕಳಚದೆ ಬುಡ ಮುಟ್ಟಬೇಕು. ಮೇಲಿನ ಕೆಲಸ ಹೋದವನಿಗೆ ಕೆಳಗೆ ಬೇರೆ ಕೆಲಸವಿರಲಿಲ್ಲ. ಕಡಲ ತೀರದ ವೇಯ್‌ಹಾಯ್‌ಗೆ ಬಾ, ಮೀನಿನ ಗೋದಾಮಿಗೆ ಕಾವಲುಗಾರ ಬೇಕು ಎಂದು ಛಾಂಗ್‌ಲಿನ್‌ನ ದಾಯಾದಿ ಆಗಲೇ ಕರೆಯುತ್ತಿದ್ದ. ಹಾಗೆ ಕಡಲಿನ ಕಡೆ ಹೋದ ಗಂಡಸರು ಮೊದಮೊದಲು ಹಬ್ಬಕ್ಕೆ ಬರುತ್ತಿದ್ದರು, ಆಮೇಲೆ ಹಬ್ಬಕ್ಕೂ ಬರುತ್ತಿರಲಿಲ್ಲ. ಲಾನ್‌ಯಿಂಗ್ ಅದನ್ನು ನೆನೆದು ನಿದ್ದೆಗೆಟ್ಟಳು.

“ಕಲಿತುಬಿಡು,” ಅಂದಳು.

“ಎಲ್ಲಿ ಕಲೀಲಿ? ಅವರೆಲ್ಲ ಬೀಜ ತಿಂತಾ ನಿಂತಿರೋ ಕಡೆನಾ? ಐವತ್ತು ಹತ್ತಿರ ಬಂತು ನನಗೆ. ನಾನು ಸತ್ತಮೇಲೂ ಹೇಳಿಕೊಂಡು ನಗ್ತಾರೆ.”

“ಗುರುತು ಸಿಗದ ಹಾಗೆ ಮಾಡ್ತೀನಿ.”

“ಹೇಗೆ?”

“ಆಮೆ ಕಟ್ಟಿಕೋ.”

ಅವನು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ.

“ಸಿಟ್ಟು ಮಾಡ್ಕೋಬೇಡ, ಯೋಚನೆ ಮಾಡು. ಆಮೆ ಕಟ್ಟಿಕೊಂಡೋನು ಈ ಊರಿನವನು ಅಂತ ಯಾರಾದ್ರೂ ಅಂದ್ಕೋತಾರಾ? ನಿಮ್ಮಪ್ಪ ಗುಂಡಿಯಿಂದ ಎದ್ದು ಬಂದ್ರೂ ಗುರುತು ಹಿಡಿಯಲ್ಲ.”

“ನಮ್ಮಪ್ಪ ಎದ್ದು ಬಂದ್ರೆ ಮೊದಲು ನಿನ್ನನ್ನೇ ಕೇಳ್ತಾನೆ, ಯಾರಮ್ಮಾ ಆ ಗಂಡಸು ಅಂತ.”

ಅವಳು ನಕ್ಕಳು. ಅವನೂ ನಕ್ಕ. ನಗುತ್ತಲೇ ಒಪ್ಪಿಕೊಂಡ.

ಸೋಮವಾರ ಅವನಿಗೆ ರಜೆ. ಯಾರೋ ಪ್ರವಾಸಿ ಮರೆತು ಹೋಗಿದ್ದ ಕಿತ್ತಳೆ ಬಣ್ಣದ ಕೋಟು, ಮೂಗಿನವರೆಗೆ ಮುಸುಕು, ದೊಡ್ಡ ಕನ್ನಡಕ, ಹಿಂದೆ ಆಮೆ. ಬಾಯಿ ಬಿಟ್ಟರೆ ಊರಿನ ಮಾತು ಹೊರಬೀಳುತ್ತದೆಂದು ಅವನು ಮೂಗನ ಹಾಗೆ ಬರೀ ತಲೆಯಾಡಿಸುತ್ತಿದ್ದ. ಹೊಸಬರಿಗೆ ಕಲಿಸುವ ಗುವಾನ್ ಮೇಡಂ ಅವನನ್ನು ಏನೂ ಕೇಳದೆ ಗುಂಪಿನ ಬಾಲಕ್ಕೆ ನಿಲ್ಲಿಸಿಕೊಂಡಳು. ಲಾನ್‌ಯಿಂಗ್ ಕಿಟಕಿಯಿಂದ ನೋಡುತ್ತಿದ್ದಳು. ಬೀಳುವುದರಲ್ಲಿ ಅವನೂ ಮಿಕ್ಕವರ ಹಾಗೇ ಇದ್ದ. ಏಳುವುದು ಮಾತ್ರ ಬೇರೆ. ಒಂದು ಅಂಗೈಯನ್ನು ಮೊಣಕಾಲ ಮೇಲೆ ಒತ್ತಿ, ಅರ್ಧಕ್ಕೆ ತಡೆದು, ಉಸಿರು ಕಟ್ಟಿ ಏಳುತ್ತಿದ್ದ. ದಿಮ್ಮಿ ಎತ್ತಿದವರು ಹಾಗೆ ಏಳುತ್ತಾರೆ. ಯಾರಾದರೂ ಗಮನಿಸಿಯಾರೆಂದು ಅವಳು ಬುಡದಲ್ಲಿ ನಿಂತವರ ಮುಖಗಳನ್ನೂ ನೋಡುತ್ತಿದ್ದಳು.

ಗಮನಿಸಿದವನು ತಾಂಗ್ ಒಬ್ಬನೇ, ಅದೂ ಬೇರೆ ಕಾರಣಕ್ಕೆ. ಹಾರ್ಬಿನ್‌ನ ಕ್ರೀಡಾಶಾಲೆಯಲ್ಲಿ ಕಲಿತು ಬಂದ ಎಳೆಯ ತರಬೇತಿಗಾರ ಅವನು. ಬೀಳುವವರ ವಿಡಿಯೊ ತೆಗೆದು ಹಂಚುವುದು ಅವನ ಚಟ.

“ಅತ್ತಿಗೆ, ನಮ್ಮ ಆಮೆ ಮಾವ ಈ ಸೋಮವಾರವೂ ಬಂದಿದ್ದಾರಲ್ಲ. ಎಲ್ಲಿಯವರಂತೆ?”

“ಹಾಂಗ್‌ಝೌ ಇರಬೇಕಪ್ಪ,” ಅಂದಳು ಲಾನ್‌ಯಿಂಗ್, ಬೂಟು ಒರೆಸುತ್ತ.

“ಅಲ್ಲಿ ಕೆರೆ ಇದೆ, ಈಜಬಹುದಿತ್ತು. ಆಮೆಗೆ ಗುಡ್ಡ ಯಾಕೆ?”

ಒಳಗೆ ಬಂದ ಗುವಾನ್ ಮೇಡಂ ಕೈಗವಸು ಕಳಚುತ್ತ ಹೇಳಿದಳು: “ನೀನು ಹಾಲುಹಲ್ಲಲ್ಲಿ ಕಲಿತೋನು. ಮಕ್ಕಳಿಗೆ ನೆಲ ಹತ್ತಿರ ಕಣೋ. ಆ ಮನುಷ್ಯ ಎಷ್ಟು ಎತ್ತರದಿಂದ ಬೀಳ್ತಿದ್ದಾನೆ ಅಂತ ನಿನಗೇನು ಗೊತ್ತು.”

ತಾಂಗ್ ನಾಲಿಗೆ ಕಚ್ಚಿದಂತೆ ಮಾಡಿ ಹೊರಗೆ ಓಡಿದ.

ಆ ವಾರಗಳಲ್ಲಿ ಮನೆಯಲ್ಲಿ ಹಿಂದೆಂದೂ ಇಲ್ಲದ ಒಂದು ಹುರುಪು ಬಂದಿತ್ತು. ಅವಳು ಹಿಟ್ಟು ನಾದುತ್ತಿದ್ದರೆ ಅವನು ಬಾಗಿಲ ಚೌಕಟ್ಟು ಹಿಡಿದು, ಕಾಲ್ಬೆರಳು ಒಳಮುಖ ಮಾಡಿ, ಮಂಡಿ ಬಗ್ಗಿಸಿ ನಿಂತು ಅಭ್ಯಾಸ ಮಾಡುತ್ತಿದ್ದ. ಊಟಕ್ಕೆ ಕೂತಾಗ ಸೋಮವಾರ ತಾನು ಬಿದ್ದ ಬಗೆಯನ್ನು ವರ್ಣಿಸುತ್ತಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಷ್ಟು ನಕ್ಕರೆ ಏನಾದರೂ ಕೆಡುತ್ತದೆ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಕೆಟ್ಟದ್ದು ಒಂದು ಮಂಗಳವಾರ, ಕೆಲಸದವರ ಊಟದ ಮನೆಯಲ್ಲಿ. ಎಲ್ಲರ ಮುಂದೆ ಹುಳಿ ಎಲೆಕೋಸು, ಹಂದಿಮಾಂಸದ ಸಾರು. ತಾಂಗ್ ತನ್ನ ಫೋನನ್ನು ಮೇಜಿನ ಸುತ್ತ ಕೈಯಿಂದ ಕೈಗೆ ದಾಟಿಸಿದ. ಹಿಂದಿನ ದಿನದ ವಿಡಿಯೊ. ಅದಕ್ಕೆ ಅವನು ಮದುವೆಯ ಓಲಗದ ಸದ್ದು ಸೇರಿಸಿದ್ದ.

“ಚ್ಯೂ ಅಣ್ಣ, ನೋಡಿ ಇಲ್ಲಿ. ನಿಮ್ಮ ರಜೆಯ ದಿನ ಎಂಥ ತಮಾಷೆ ತಪ್ಪಿಸಿಕೊಂಡಿರಿ.”

ಚ್ಯೂ ಎಂಬುದು ಛಾಂಗ್‌ಲಿನ್‌ನ ಮನೆತನದ ಹೆಸರು. ಅವನು ಫೋನು ಹಿಡಿದು ಕೊನೆಯವರೆಗೂ ನೋಡಿದ. ಎಷ್ಟು ನಗಬೇಕೋ ಅಷ್ಟು ನಕ್ಕ. “ಇವನು ಗಂಡಸಲ್ಲ ಬಿಡು, ಆಮೇನೇ,” ಅಂದ. ಮೇಜೆಲ್ಲ ಹೋ ಎಂದಿತು. ಅವನು ಫೋನನ್ನು ಹೆಂಡತಿಗೆ ದಾಟಿಸಿದ.

ಅನುಮಾನ ಬರಬಾರದೆಂದು ಲಾನ್‌ಯಿಂಗ್ ಮೊದಲೇ ನಗುವನ್ನು ಸಿದ್ಧಮಾಡಿಕೊಂಡಿದ್ದಳು. ಸ್ವಲ್ಪ ಹಿಂದಕ್ಕೆ ಜಾರಿದೆ ಎಂದಷ್ಟೇ ಅವನು ರಾತ್ರಿ ಹೇಳಿದ್ದ. ಫೋನಿನಲ್ಲಿ ಕಿತ್ತಳೆ ಕೋಟಿನವನು ಪೊಲೀಸರಿಗೆ ಶರಣಾದವನಂತೆ ಎರಡೂ ಕೈ ಮೇಲೆತ್ತಿ, ನಿಧಾನವಾಗಿ, ಬಹಳ ಗಂಭೀರವಾಗಿ ಹಿಮ್ಮುಖ ಜಾರುತ್ತಿದ್ದ. ದಾರಿಯಲ್ಲಿ ಒಂದು ಮಗು ಟಾಟಾ ಮಾಡಿತು. ಅವನು ತಲೆಬಾಗಿ ವಂದಿಸಿದ. ಆಮೇಲೆ ಬಲೆಗೆ ಹೋಗಿ ತಗುಲಿದ; ಆಮೆ ಅದರಲ್ಲಿ ಸಿಕ್ಕಿಹಾಕಿಕೊಂಡು, ಅವನ ಕಾಲುಗಳು ನೆಲಕ್ಕೆ ಎಟುಕದೆ ಗಾಳಿಯಲ್ಲಿ ಆಡತೊಡಗಿದವು. ಸಿದ್ಧಮಾಡಿಕೊಂಡ ನಗು ಎಲ್ಲಿ ಮುಗಿಯಿತೋ ಅವಳಿಗೆ ತಿಳಿಯಲಿಲ್ಲ. ಒಳಗಿನಿಂದ ಇನ್ನೊಂದು ನುಗ್ಗಿ ಬಂತು. ಊಟದ ಕಡ್ಡಿಗಳು ಕೈಯಿಂದ ಜಾರಿದವು, ಕಣ್ಣಲ್ಲಿ ನೀರು, ಮೂಗಿಗೆ ಸಾರು. ಪಕ್ಕದವರು ಬೆನ್ನು ಗುದ್ದಿದರು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಛಾಂಗ್‌ಲಿನ್ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ನಗು ಇನ್ನೂ ಅಂಟಿಕೊಂಡಿತ್ತು, ತೆಗೆಯಲು ಮರೆತ ಹಾಗೆ. ಅವನು ಅರ್ಧ ಊಟ ಬಿಟ್ಟು ಎದ್ದು ಹೋದ.

ಸಂಜೆ ಅವಳೇ ಮಾತು ತೆಗೆದಳು.

“ಅವರಿಗೆ ಗೊತ್ತಾಗಬಾರದು ಅಂತ ನಕ್ಕೆ.”

“ಮೊದಲಿನದು ಅದು. ಆಮೇಲಿನದು ನಿಜವಾದ್ದು.”

“ಮನೇಲೂ ನಗ್ತಿದ್ವಲ್ಲ.”

“ಮನೇಲಿ ನಾನು ನಗಿಸ್ತಿದ್ದೆ.” ಅವನು ಬನ್ನು ಮುರಿದ, ತಿನ್ನಲಿಲ್ಲ. “ಅವರು ನಕ್ಕಿದ್ದು ಯಾವನೋ ಹಾಂಗ್‌ಝೌನವನನ್ನ ನೋಡಿ. ನೀನು ನಕ್ಕಿದ್ದು ನನ್ನ ನೋಡಿ.”

ಅವಳು ಮುರಿದ ಬನ್ನನ್ನು ಅವನ ಮುಂದಿನಿಂದ ತೆಗೆದು ಮುಚ್ಚಿಟ್ಟಳು.

ಮುಂದಿನ ಸೋಮವಾರ ಅವನು ಇಳಿಜಾರಿಗೆ ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಅಂಗಳದಲ್ಲಿ ನಿಂತು ದಾಯಾದಿಯೊಡನೆ ಫೋನಿನಲ್ಲಿ ಮಾತಾಡುವುದು ಅವಳಿಗೆ ಕೇಳಿಸಿತು. ಗೋದಾಮಿನಲ್ಲೇ ಮಲಗಲು ಜಾಗವಿದೆಯೇ ಎಂದು ವಿಚಾರಿಸುತ್ತಿದ್ದ.

ಪರೀಕ್ಷೆಯ ದಿನ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುವ ಚಳಿ. ಅವನು ಬರುವನೋ ಇಲ್ಲವೋ ಎಂಬುದು ಲಾನ್‌ಯಿಂಗ್‌ಗೆ ಗೊತ್ತಿರಲಿಲ್ಲ. ಕೌಂಟರಿಗೆ ಬೀಗ ಹಾಕಿ, ಕಣ್ಣಿನವರೆಗೆ ಶಾಲು ಸುತ್ತಿಕೊಂಡು ಬುಡದಲ್ಲಿ ನಿಂತಳು. ಕೆಲಸದವರೆಲ್ಲ ಆಗಲೇ ನೆರೆದಿದ್ದರು. ಮೇಲೆ ಗುವಾನ್ ಮೇಡಂನ ಪಕ್ಕದಲ್ಲಿ ನೀಲಿ ಕೋಟಿನ ಒಂದು ಆಕೃತಿ ಕಂಡಿತು. ಕೆಲಸದ ಕೋಟು. ಮುಸುಕಿಲ್ಲ, ಕನ್ನಡಕವಿಲ್ಲ, ಹಿಂದೆ ಏನನ್ನೂ ಕಟ್ಟಿಕೊಂಡಿರಲಿಲ್ಲ.

“ಅರೆ, ಚ್ಯೂ. ಯಾರಿಗೂ ಬಾಯಿ ಬಿಡದೆ ಎಲ್ಲಿ ಕಲಿತನಪ್ಪಾ ಇವನು?”

“ಕಲಿತಿದ್ದಾನೋ ಇಲ್ಲವೋ ಈಗ ನೋಡು. ಜಾಗ ಬಿಟ್ಟು ನಿಂತ್ಕೊಳ್ಳಿ.”

ಮೊದಲ ತಿರುವಿನಲ್ಲೇ ಬಿದ್ದ. ಬೆನ್ನಿನ ಬುಡ ಗಟ್ಟಿ ಹಿಮಕ್ಕೆ ಬಡಿದ ಸದ್ದು ಕೆಳಗಿನವರೆಗೂ ಕೇಳಿಸಿದಂತಾಯಿತು. ಯಾರೋ ಕಿಸಕ್ಕೆಂದರು. ಅವನು ಅಂಗೈಯನ್ನು ಮೊಣಕಾಲ ಮೇಲೆ ಒತ್ತಿ, ಅರ್ಧಕ್ಕೆ ತಡೆದು, ಎದ್ದ.

ವಿಡಿಯೊ ತೆಗೆಯುತ್ತಿದ್ದ ತಾಂಗ್‌ನ ಕೈ ನಿಂತಿತು. ಅವನು ಲಾನ್‌ಯಿಂಗ್ ಕಡೆ ತಿರುಗಿದ. “ಅತ್ತಿಗೆ,” ಎಂದು ಮೆಲ್ಲಗೆ ಅಂದ, “ಆ ಆಮೆ ಮಾವ…”

ತಾಂಗ್ ಫೋನನ್ನು ಜೇಬಿಗಿಳಿಸಿದ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ; ಆ ಪಕ್ಕದವನು ಇನ್ನೊಬ್ಬನಿಗೆ. ಬೀಜ ಬಿಡಿಸುವ ಸದ್ದು ಒಂದೊಂದಾಗಿ ನಿಂತುಹೋಯಿತು.

ಅರ್ಧ ದಾರಿಯಲ್ಲಿ ಅವನು ಮತ್ತೆ ಬಿದ್ದ. ಈ ಸಲ ಏಳಲಿಲ್ಲ. ಹಿಮದ ಮೇಲೆ ಕೂತು, ಸ್ಕೀಯ ಕೊಂಡಿಯ ಮೇಲೆ ಕೈಯಿಟ್ಟು ಕೆಳಗೆ ನೋಡಿದ. ಕೊಂಡಿ ಬಿಚ್ಚಿದರೆ ಮುಗಿಯಿತು, ವೇಯ್‌ಹಾಯ್‌ಗೆ ರೈಲು. ಅವನು ನೋಡುತ್ತಿದ್ದುದು ಜನರನ್ನಲ್ಲ, ತನ್ನನ್ನು ಎಂದು ಲಾನ್‌ಯಿಂಗ್‌ಗೆ ಸಂದೇಹವಿರಲಿಲ್ಲ. ಆಗ ಹೊಳೆಯಿತು: ತನ್ನ ಬಾಯಿ ಅವನಿಗೆ ಕಾಣುತ್ತಿಲ್ಲ. ಶಾಲಿನ ಹಿಂದೆ ತಾನು ನಗುತ್ತಿರಬಹುದು, ಎಲ್ಲರಿಗಿಂತ ಹೆಚ್ಚಾಗಿ ನಗುತ್ತಿರಬಹುದು.

ಅವಳು ಶಾಲು ಬಿಚ್ಚಿದಳು. ಒಳಗಿನ ಮುಸುಕನ್ನೂ ಗದ್ದದ ಕೆಳಗೆ ಎಳೆದಳು. ಕಾಡಿನ ಕಡೆಯಿಂದ ಬರುವ ಗಾಳಿ ಕೆನ್ನೆಯನ್ನು ಕುಯ್ಯಿತು. ಧೈರ್ಯ ಹೇಳಲು ಮುಗುಳ್ನಕ್ಕರೂ ಅಷ್ಟು ದೂರದಿಂದ ಅದು ಬೇರೆಯೇ ಆಗಿ ಕಂಡೀತೆಂದು ತುಟಿ ಅಲುಗಿಸದೆ, ಮುಖವನ್ನು ಹಾಗೇ ಅವನ ಕಡೆ ಹಿಡಿದು ನಿಂತಳು.

“ಅವಸರ ಏನಿಲ್ಲ, ಚ್ಯೂ,” ಮೇಲಿನಿಂದ ಗುವಾನ್ ಮೇಡಂ ಕೂಗಿದಳು. “ಕೂತ್ಕೊಂಡಿರು. ಗುಡ್ಡ ಎಲ್ಲೂ ಹೋಗಲ್ಲ.”

ಅವನು ಬಹಳ ಹೊತ್ತು ಕೂತಿದ್ದ. ಆಮೇಲೆ ಕೊಂಡಿಯ ಮೇಲಿನ ಕೈ ಮೊಣಕಾಲಿಗೆ ಬಂತು. ಎದ್ದು, ಕಾಲ್ಬೆರಳು ಒಳಮುಖ ಮಾಡಿ, ನಡೆದು ಬರುವವನಿಗಿಂತಲೂ ನಿಧಾನವಾಗಿ ಇಳಿದ. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಕಲ್ಲು ಬೀಳುತ್ತಿದ್ದರೆ ತಲೆ ತಗ್ಗಿಸುವಂತೆ ತಗ್ಗಿಸಿಕೊಂಡು ಅವನು ಅದರ ನಡುವೆ ಹಾದು ಬಂದು ನಿಂತ.

ಸ್ಕೀ ಕಳಚಿ ಅವಳ ಹತ್ತಿರ ಬಂದ. ಅವಳ ಕಣ್ಣು ನೋಡಲಿಲ್ಲ, ಕೆನ್ನೆ ನೋಡಿದ. ಅಲ್ಲಿ ಚಳಿಗೆ ಚರ್ಮ ಮರಗಟ್ಟಿ ಮೇಣದಂತೆ ಬೆಳ್ಳಗಿನ ಒಂದು ಮಚ್ಚೆ ಎದ್ದಿತ್ತು. ಕೈಗವಸು ತೆಗೆದು, ಕಾಡಿನಲ್ಲಿ ಜೊತೆಯಾಳುಗಳಿಗೆ ಮಾಡುತ್ತಿದ್ದಂತೆ ಬರಿಗೈಯಿಂದ ಉಜ್ಜಿದ.

“ಉರೀತಿದೆಯಾ?”

“ಇಲ್ಲ.”

ಇನ್ನಷ್ಟು ಉಜ್ಜಿದ. “ಈಗ?”

“ಹೂಂ. ಈಗ ಉರೀತಿದೆ.”

“ಶಾಲು ಕಟ್ಟಿಕೋ,” ಎಂದು ಕೈಗವಸು ಹಾಕಿಕೊಂಡು, ಬಂದ ಕುರ್ಚಿಯಲ್ಲಿ ಕೂತು ಮೇಲಕ್ಕೆ ಹೋದ.

ಅವನು ವೇಯ್‌ಹಾಯ್‌ಗೆ ಹೋಗಲಿಲ್ಲ. ಆದರೆ ಆ ದಿನದಿಂದ ಊಟಕ್ಕೆ ಕೆಳಗೆ ಬರುವುದನ್ನು ಬಿಟ್ಟ. ಬೆಳಿಗ್ಗೆಯ ತಣ್ಣನೆಯ ಬನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. “ಪಾಸಾದ ಮೇಲೆ ಚ್ಯೂ ದೊಡ್ಡ ಮನುಷ್ಯ ಆದ, ನೆಲಕ್ಕೇ ಇಳಿಯಲ್ಲ,” ಎಂದು ಜನ ಅಂದರು. ತಾಂಗ್ ಈಗ ಫೋನನ್ನು ದೂರದ ಮೇಜಿನಲ್ಲಿ ತೋರಿಸುತ್ತಿದ್ದ. ಲಾನ್‌ಯಿಂಗ್ ಬಟ್ಟಲು ಹಿಡಿದು ಒಳಗೆ ಬಂದರೆ ಅಲ್ಲಿನ ನಗು ತಗ್ಗುತ್ತಿತ್ತು. ಮನೆಯಲ್ಲಿ ಅವನು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ, ಅಷ್ಟೇ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಎಲೆಕೋಸಿನ ಬಿಸಿ ಸಾರು, ಎರಡು ಬನ್ನು ಡಬ್ಬಿಗೆ ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿ, ಲಿಫ್ಟಿನ ಬುಡಕ್ಕೆ ತಂದಳು. ಖಾಲಿ ಕುರ್ಚಿಯೊಂದಕ್ಕೆ ಹಗ್ಗದಿಂದ ಬಿಗಿದಳು. ಲಿಫ್ಟಿನವನು ಏನೂ ಕೇಳದೆ ಮೇಲಕ್ಕೆ ಫೋನು ಮಾಡಿದ. ಕುರ್ಚಿ ಮಂಜಿನೊಳಗೆ ಹೋಯಿತು. ಅವಳು ಅಲ್ಲೇ ನಿಂತು ಕೆಳಗಿಳಿಯುವ ಸಾಲನ್ನು ನೋಡುತ್ತಿದ್ದಳು. ಖಾಲಿ ಕುರ್ಚಿಗಳು ಮಂಜಿನಿಂದ ಒಂದರ ಹಿಂದೊಂದು ಬಂದವು. ಕೊನೆಗೆ ಆ ಕುರ್ಚಿಯೂ ಬಂತು. ಹಗ್ಗ ಮಾತ್ರ ಇತ್ತು, ಸುರುಳಿ ಸುತ್ತಿ ಸಿಕ್ಕಿಸಿದ್ದು.

ಸಂಜೆ ಅವನು ಡಬ್ಬಿಯನ್ನು ತೊಳೆದು ಗೂಡಿನಲ್ಲಿಟ್ಟ.

“ಉಪ್ಪು ಜಾಸ್ತಿ ಆಗಿತ್ತು,” ಅಂದ.

ಅವಳು ಹೂಂ ಅಂದಳು. ಉಪ್ಪು ಹಾಕಿ ಹುಳಿಗಿಟ್ಟ ಮಡಕೆಯಿಂದ ಮರುದಿನದ ಎಲೆಕೋಸು ತೆಗೆದು, ಉಪ್ಪು ಬಿಡಲೆಂದು ನೀರಿನಲ್ಲಿ ನೆನೆಹಾಕಿದಳು.