ನಗುವ ಹಂದಿಯ ಮುಂದೆ

ಹಂದಿಯ ತಲೆ ನಗುತ್ತಿರಬೇಕು. ಮುಖ ಗಂಟಿಕ್ಕಿದ ಹಂದಿಯನ್ನಿಟ್ಟು ಮುಹೂರ್ತದ ಪೂಜೆ ಮಾಡಿದ ಸಿನಿಮಾ ಉದ್ಧಾರವಾದದ್ದನ್ನು ಕೊರಿಯಾದಲ್ಲಿ ಯಾರೂ ಕಂಡಿಲ್ಲ. ಅದಕ್ಕೇ ನಿರ್ಮಾಪಕಿ ಓಕ್‌ರಿಮ್ ಬೆಳಗ್ಗೆಯೇ ತೊಂಗ್ಯೊಂಗ್ ಬಂದರಿನ ಸಂತೆಗೆ ಹೋಗಿ, ಬೇಯಿಸಿಟ್ಟ ತಲೆಗಳನ್ನೆಲ್ಲ ತಿರುಗಿಸಿ ನೋಡಿ, ಬಾಯಿತುಂಬ ನಗುವ ಒಂದನ್ನು ಆರಿಸಿ ತಂದಿದ್ದಳು. ಹಂದಿಯೇನೋ ನಗುತ್ತಿತ್ತು. ಅವಳಿಗೆ ಮಾತ್ರ ಅಳು ಬರುವಂತಾಗಿತ್ತು.

ಕೊರಿಯಾದ ಸಿನಿಮಾ ಹೊರದೇಶದ ದೊಡ್ಡ ಸಿನಿಮಾಗಳೆದುರು ತಲೆಯೆತ್ತಿ ನಿಲ್ಲಲಿ ಎಂದು ಸರ್ಕಾರದ ನಿಧಿ ಅರ್ಧ ಹಣ ಕೊಡುತ್ತಿತ್ತು. ಉಳಿದರ್ಧ ಹಾಕುವವರನ್ನು ನಿರ್ಮಾಪಕರೇ ಹುಡುಕಬೇಕು. ಓಕ್‌ರಿಮ್‌ಳ ಚಪ್ಪಲಿ ಸವೆದ ಮೇಲೆ ಸಿಯೋಲ್‌ನ ಒಂದು ಕಂಪನಿ ಒಪ್ಪಿತು. ಕರಾರು ಒಂದೇ: ಅಜ್ಜಿಯ ಪಾತ್ರಕ್ಕೆ ಹಳೆಯ ನಟಿ ಸುಂದೋಕ್ ಬೇಡ, ಹೊರದೇಶದವರು ಗುರುತಿಸುವ ತಾರೆ ಬೇಕು. ವಯಸ್ಸು ಸಾಲದಿದ್ದರೆ ಮೇಕಪ್ ಇದೆಯಲ್ಲ! ಕೊರಿಯಾದಲ್ಲೇನು ಅಜ್ಜಿಯರಿಗೆ ಬರವೇ?

ಕಥೆ ಬರೆಸಿದ್ದೇ ಸುಂದೋಕ್‌ಗಾಗಿ. ಓಕ್‌ರಿಮ್ ಸೆಟ್ಟಿನಲ್ಲಿ ಚಹಾ ಲೋಟ ತೊಳೆಯುತ್ತಿದ್ದ ಕಾಲದಲ್ಲಿ "ಊಟ ಆಯ್ತೇನೇ?" ಎಂದು ಕೇಳುತ್ತಿದ್ದ ನಟಿ ಅವಳೊಬ್ಬಳೇ. ಅಂಥವಳಿಗೆ ನೀವು ಬೇಡ ಅನ್ನಲು ಬಾಯಾದರೂ ಹೇಗೆ ಬರಬೇಕು? ಆದರೆ ಪೂಜೆಗೆ ಮೊದಲು ಹೇಳಲೇಬೇಕಿತ್ತು. ಹಂದಿಯ ಮುಂದೆ ಮಂಡಿಯೂರಿ ಹಣೆ ಮುಟ್ಟಿಸಿದವರು ಆ ಸಿನಿಮಾದವರು. ಆಮೇಲೆ ಅವರನ್ನು ಕೈಬಿಟ್ಟರೆ ಅಪಶಕುನ.

ಪೂಜೆಗೆ ಅಣಿಮಾಡಿದ್ದ ಅಂಗಳಕ್ಕೆ ಸುಂದೋಕ್ ಮೆಟ್ಟಿಲೇರಿ ಬಂದಳು. ಕಂಕುಳಲ್ಲಿ ಕೆಂಪು ಕಾಳಿನ ಅಕ್ಕಿ ಕಡುಬಿನ ಪಾತ್ರೆ.

"ಏನೇ, ಮುಖ ಯಾಕೆ ಹಿಂಗಾಗಿದೆ? ಆ ಹಂದೀನ ನೋಡಿ ಕಲಿ."

"ದೊಡ್ಡಮ್ಮಾ, ಒಂದ್ ಮಾತಿತ್ತು..."

"ಮೊದ್ಲು ಪಾತ್ರೆ ಇಳಿಸ್ಕೋ. ಕೈ ಬಿದ್ದೋಗ್ತಿದೆ."

ಕಂಪನಿಯ ಪ್ಯೋ ಎಂಬ ತರುಣ ಹತ್ತಿರ ಬಂದು ಪಿಸುಗುಟ್ಟಿದ. "ಅವರಿಗೆ ಹೇಳಿದ್ರಾ ಮೇಡಂ?"

"ಹೇಳ್ತೀನಿ."

ಮುದುಕಿ ಇಬ್ಬರನ್ನೂ ಒಮ್ಮೆ ನೋಡಿ ಕಡುಬು ಜೋಡಿಸತೊಡಗಿದಳು.

ಪೂಜೆ ಶುರುವಾಯಿತು. ನಿರ್ದೇಶಕ ಅಡ್ಡಬಿದ್ದ, ಕ್ಯಾಮೆರಾದವನು ಅಡ್ಡಬಿದ್ದ. ಹಂದಿಯ ಬಾಯಿಗೆ, ಕಿವಿಗೆ ಕಾಣಿಕೆಯ ಲಕೋಟೆ ಸಿಕ್ಕಿಸಿದರು. ಸುಂದೋಕ್‌ಳ ಸರದಿ ಬಂತು. ಅವಳು ತನ್ನ ಲಕೋಟೆಯನ್ನು ಹಂದಿಯ ಬಾಯಿಗಿಟ್ಟು, ನಿಂತಲ್ಲಿಂದಲೇ ಹಿಂದೆ ಸರಿದಳು.

"ನನ್ ಕೈಲಾಗಲ್ಲಪ್ಪ, ಮಂಡಿ ಹಿಡ್ಕೊಂಡಿದೆ. ನೀವು ಮುಂದುವರಿಸಿ."

ಭಾರದ ಪಾತ್ರೆ ಹೊತ್ತು ಅಷ್ಟು ಮೆಟ್ಟಿಲು ಹತ್ತಿಬಂದ ಮಂಡಿಗೆ ಈಗೇನಾಯಿತು? ಓಕ್‌ರಿಮ್‌ಗೆ ಅರ್ಥವಾಯಿತು. ಬೇಡ ಎಂಬ ಮಾತನ್ನು ಓಕ್‌ರಿಮ್‌ಳ ಬಾಯಲ್ಲಿ ಆಡಿಸಬಾರದೆಂದು ಮುದುಕಿ ತಾನಾಗಿಯೇ ಸಿನಿಮಾದಿಂದ ಹೊರಗೆ ನಿಂತಿದ್ದಳು. ಅಷ್ಟಾದರೂ ಕಾಣಿಕೆ ತಪ್ಪಿಸಿರಲಿಲ್ಲ. ಓಕ್‌ರಿಮ್‌ಗೆ ತನ್ನ ಮೇಲೆ ಹೇಸಿಗೆಯಾಯಿತು, ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ನೇರ ಹೋಗಿ ರಟ್ಟೆ ಹಿಡಿದಳು.

"ಬನ್ನಿ ದೊಡ್ಡಮ್ಮ, ನಾನು ಹಿಡ್ಕೋತೀನಿ."

"ಬಿಡೇ ಹುಚ್ಚಿ. ನಂಗೆಲ್ಲ ಗೊತ್ತಾಗಿದೆ."

"ಗೊತ್ತಾಗಿದ್ರೆ ಇನ್ನೂ ಒಳ್ಳೇದು. ಬಗ್ಗಿ."

ಇಬ್ಬರೂ ಒಟ್ಟಿಗೇ ಚಾಪೆಗೆ ಹಣೆ ಮುಟ್ಟಿಸಿದರು.

ಎದ್ದು ನೋಡಿದರೆ ಪ್ಯೋ ಕಂಪನಿಯ ಪರವಾಗಿ ಇಡಬೇಕಿದ್ದ ತನ್ನ ಲಕೋಟೆಯನ್ನು ಮತ್ತೆ ಜೇಬಿಗಿಳಿಸಿ ಹೊರಟಿದ್ದ. "ಆಫೀಸಲ್ಲಿ ಏನಂತ ಹೇಳ್ಲಿ ಮೇಡಂ?"

"ಇದ್ದದ್ದು ಇದ್ದ ಹಾಗೇ ಹೇಳಪ್ಪ."

"ಖಾಲಿ ಹೊಟ್ಟೇಲಿ ಹೋಗ್ಬೇಡ್ವೋ," ಎಂದು ಸುಂದೋಕ್ ಅವನ ಕೈಗೊಂದು ಕಡುಬು ತುರುಕಿದಳು. ಅವನು ಕೆಂಪಗಾಗಿ, ಅವಳಿಗೆ ತಲೆಬಾಗಿ ಹೋದ.

"ಅರ್ಧ ದುಡ್ಡು ಹೋಯ್ತಲ್ಲೇ! ಸರ್ಕಾರದ್ದಾದ್ರೂ ಬರುತ್ತಾ?"

"ಇನ್ನೊಬ್ಬರು ಸಿಗೋ ತನಕ ಅದೂ ಬರಲ್ಲ."

"ಮತ್ತೆ?"

"ಮತ್ತೇನು, ಇನ್ನೊಂದ್ ಜೊತೆ ಚಪ್ಪಲಿ ಸವೆಸ್ತೀನಿ. ನೀವು ಮಾತ್ರ ಅಲ್ಲೀವರೆಗೆ ಗಟ್ಟಿಯಾಗಿರಿ."

ಮುದುಕಿ ಕಣ್ಣೊರೆಸಿಕೊಂಡಳು. ಒಂದು ತುಂಡು ಕಡುಬು ಮುರಿದು ಓಕ್‌ರಿಮ್‌ಳ ಬಾಯ ಹತ್ತಿರ ಹಿಡಿದಳು.

"ಊಟ ಆಯ್ತೇನೇ?"

"ಇಲ್ಲ ದೊಡ್ಡಮ್ಮ," ಎಂದು ಓಕ್‌ರಿಮ್ ಎಲ್ಲರೆದುರೇ ಅತ್ತುಬಿಟ್ಟಳು.